ಹಿಂದಿನ ಬೆಂಚಿನಲ್ಲಿ ಯಾರು ಕೂತಿದ್ದಾರೆ?

ಬಿ.ಇಡಿ. ಎಷ್ಟು ವರ್ಷದ್ದಿರಬೇಕು ಎಂಬ ಪ್ರಶ್ನೆಗೆ ಕಳೆದ ಹತ್ತು-ಹನ್ನೆರಡು ವರ್ಷಗಳಲ್ಲಿ ಸಿಕ್ಕಿರುವ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ತಲೆ ಗಿರ್ರೆನ್ನುತ್ತದೆ. ಮೊದಲು ಒಂದು ವರ್ಷ ಸಾಕಿತ್ತು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, 2014ರ ನಿಯಮಾವಳಿಯಲ್ಲಿ ಅದನ್ನು ಎರಡಕ್ಕೆ ಏರಿಸಿತು. 2015ರಿಂದ ಅದು ಜಾರಿಗೆ ಬಂತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇನ್ನೂ ಮುಂದೆ ಹೋಗಿ, ಪಿಯುಸಿ ಮುಗಿಸಿದವರು ನೇರವಾಗಿ ಸೇರುವ ನಾಲ್ಕು ವರ್ಷದ ಸಂಯೋಜಿತ ಬಿ.ಇಡಿ.ಯೇ 2030ರ ಹೊತ್ತಿಗೆ ಶಿಕ್ಷಕರ ಕನಿಷ್ಠ ಅರ್ಹತೆ ಆಗಬೇಕು ಎಂದಿತು. 2023-24ರಲ್ಲಿ ದೇಶದ 57 ಸಂಸ್ಥೆಗಳಲ್ಲಿ ಅದು ಪ್ರಾಯೋಗಿಕವಾಗಿ ಶುರುವಾಯಿತು. ಅದೇ ನೀತಿಯ ಇನ್ನೊಂದು ಸಾಲನ್ನು ಹಿಡಿದುಕೊಂಡು, ನಾಲ್ಕು ವರ್ಷದ ಪದವಿ ಅಥವಾ ಸ್ನಾತಕೋತ್ತರ ಪದವಿ ಇರುವವರಿಗೆ ಒಂದು ವರ್ಷದ ಬಿ.ಇಡಿ.ಯನ್ನು ಮತ್ತೆ ತರುವ ತಯಾರಿಯೂ ನಡೆದಿದೆ. ಒಂದು, ಎರಡು, ನಾಲ್ಕು, ಮತ್ತೆ ಒಂದು.

ಈ ಏರಿಳಿತದ ಗದ್ದಲದಲ್ಲಿ ಯಾರ ಕಿವಿಗೂ ಬೀಳದೆ ಹೋದ ಪ್ರಶ್ನೆಯೊಂದಿದೆ. ಪದವಿ ಮುಗಿಸಿ ಬಂದ ಹುಡುಗಿಯೊಬ್ಬಳು ಮೊದಲ ಸಲ ಒಂಬತ್ತನೇ ಕ್ಲಾಸಿನ ಮಕ್ಕಳೆದುರು ಚಾಕ್‌ಪೀಸ್ ಹಿಡಿದು ನಿಂತಾಗ ಹಿಂದಿನ ಬೆಂಚಿನಲ್ಲಿ ಕೂತು ಅದನ್ನು ನೋಡುವವರು ಯಾರು? ಬೆಲ್ ಹೊಡೆದ ಮೇಲೆ ಅವಳನ್ನು ಕೂರಿಸಿಕೊಂಡು ಮಾತಾಡುವವರು ಯಾರು? ಶಿಕ್ಷಕರ ತರಬೇತಿಯ ಸತ್ವವೆಲ್ಲ ಆ ನೋಟದಲ್ಲಿ, ಆ ಮಾತಿನಲ್ಲಿ ಇದೆ ಎಂದು ನಾನು ನಂಬಿದ್ದೇನೆ. ನಮ್ಮ ವ್ಯವಸ್ಥೆ ಅತ್ಯಂತ ಕಡಿಮೆ ಹಣ, ಅತ್ಯಂತ ಕಡಿಮೆ ಸಮಯ, ಅತ್ಯಂತ ಕಡಿಮೆ ಮರ್ಯಾದೆ ಕೊಟ್ಟಿರುವುದೂ ಅದಕ್ಕೇ.

ಹಳೆಯ ತಕರಾರೊಂದನ್ನು ಮೊದಲೇ ಇತ್ಯರ್ಥ ಮಾಡಿಬಿಡುವುದು ಒಳ್ಳೆಯದು. ಮೇಷ್ಟರಾಗುವುದನ್ನು ಕಲಿಸಿ ಬರಿಸಲಾಗದು, ವಿಷಯ ಗೊತ್ತಿದ್ದು ಮಕ್ಕಳ ಮೇಲೆ ಅಕ್ಕರೆ ಇದ್ದರೆ ಸಾಕು ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಪ್ರತಿ ವರ್ಷ ಸೆಪ್ಟೆಂಬರ್ 5ರಂದು ವೇದಿಕೆ ಮೇಲೂ ಈ ಮಾತು ಕೇಳಿಬರುತ್ತದೆ. ಯಾರ ಹುಟ್ಟುಹಬ್ಬದ ನೆಪದಲ್ಲಿ ಆ ಭಾಷಣ ನಡೆಯುತ್ತದೋ ಆ ಸರ್ವೇಪಲ್ಲಿ ರಾಧಾಕೃಷ್ಣನ್ ಅವರೇ ಮದ್ರಾಸಿನ ಸೈದಾಪೇಟೆ ಟೀಚರ್ಸ್ ಕಾಲೇಜಿಗೆ ಹೋಗಿ ಎಲ್.ಟಿ. ಎಂಬ ಶಿಕ್ಷಕ ತರಬೇತಿ ಮಾಡಿಕೊಂಡು ಬಂದವರು. ಇರಲಿ, ದೊಡ್ಡವರ ಉದಾಹರಣೆಯಿಂದ ವಾದ ಗೆಲ್ಲುವುದು ಬೇಡ. ಒಂದು ಲೆಕ್ಕವನ್ನೇ ನೋಡೋಣ.

ಪ್ರೌಢಶಾಲೆಯ ಯಾವ ಗಣಿತ ಶಿಕ್ಷಕರನ್ನು ಬೇಕಾದರೂ ಕೇಳಿ, (ಎ + ಬಿ)² ಎಂದರೆ ಎ² + ಬಿ² ಎಂದು ಬರೆಯುವ ಮಕ್ಕಳು ಪ್ರತಿ ವರ್ಷವೂ ಇರುತ್ತಾರೆ. ಇಂಥ ಒಂದು ಅಭ್ಯಾಸ ಪಾಠವನ್ನು ನಾನು ಹಿಂದೆ ಕೂತು ನೋಡಿದ್ದೇನೆ. ಬಿ.ಎಸ್ಸಿ.ಯಲ್ಲಿ ಒಳ್ಳೆಯ ಅಂಕ ತೆಗೆದಿದ್ದ ಪ್ರಶಿಕ್ಷಣಾರ್ಥಿ ಸೂತ್ರವನ್ನು ಬಣ್ಣದ ಚಾರ್ಟಿನಲ್ಲಿ ಬರೆದು ತಂದಿದ್ದರು. ‘ಮೂರು ಕೂಡಿಸು ನಾಲ್ಕು, ಇದರ ವರ್ಗ ಎಷ್ಟು?’ ಎಂದು ಕೇಳಿದರು. ಕಿಟಕಿ ಪಕ್ಕದ ಹುಡುಗ 25 ಎಂದು ಬರೆದಿದ್ದ: ಒಂಬತ್ತು, ಹದಿನಾರು, ಒಟ್ಟು ಇಪ್ಪತ್ತೈದು. ಮುಂದಿನ ಸಾಲಿನ ಹುಡುಗಿ 49 ಎಂದಳು. ‘ವೆರಿ ಗುಡ್, ಚಪ್ಪಾಳೆ’ ಎಂದು ಟೀಚರ್ ಮುಂದಿನ ಲೆಕ್ಕಕ್ಕೆ ಹೋದರು. ಹುಡುಗ 25ನ್ನು ಅಳಿಸಿ 49 ಎಂದು ತಿದ್ದಿಕೊಂಡ. ಅವನ ನೋಟ್‌ಬುಕ್ ಸರಿಹೋಯಿತು, ಅವನ ತಲೆಯಲ್ಲಿದ್ದದ್ದು ಇದ್ದ ಹಾಗೇ ಉಳಿಯಿತು.

ಆ ಎರಡು ಉತ್ತರಗಳ ನಡುವಿನ 24 ಎಲ್ಲಿಗೆ ಹೋಯಿತು ಎಂದು ಅವತ್ತು ಕೇಳಿದ್ದರೆ ಅದೇ ಪಾಠವಾಗುತ್ತಿತ್ತು. ಏಳು ಮನೆ ಉದ್ದ, ಏಳು ಮನೆ ಅಗಲದ ಚೌಕ ಬರೆದು, ಎರಡೂ ಬದಿಯನ್ನು ಮೂರು ಮತ್ತು ನಾಲ್ಕಾಗಿ ಭಾಗ ಮಾಡಿದರೆ ಒಂದು ಮೂಲೆಯಲ್ಲಿ ಒಂಬತ್ತು ಮನೆ, ಎದುರು ಮೂಲೆಯಲ್ಲಿ ಹದಿನಾರು ಮನೆ ಕಾಣುತ್ತವೆ. ಉಳಿದ ಎರಡು ಆಯತಗಳಲ್ಲಿ ಹನ್ನೆರಡು, ಹನ್ನೆರಡು. ಸೂತ್ರದ ನಡುವೆ ಆ ‘2ಎಬಿ’ ಯಾಕೆ ಬಂತು ಎನ್ನುವುದನ್ನು ಮಗು ಬೆರಳಿಟ್ಟು ಎಣಿಸಬಹುದು. ಇದು ಬಿ.ಎಸ್ಸಿ. ಗಣಿತದಲ್ಲಿ ಬರುವ ಜ್ಞಾನವಲ್ಲ. ಬಿ.ಇಡಿ.ಯ ಮನೋವಿಜ್ಞಾನದ ಪತ್ರಿಕೆಯಲ್ಲೂ ಸಿಗುವುದಿಲ್ಲ. ಮಕ್ಕಳು ಎಲ್ಲಿ ಎಡವುತ್ತಾರೆ, ಯಾಕೆ ಎಡವುತ್ತಾರೆ, ಎಬ್ಬಿಸುವುದಕ್ಕೆ ಯಾವ ಚಿತ್ರ, ಯಾವ ಪ್ರಶ್ನೆ ನೆರವಾಗುತ್ತದೆ ಎಂಬ ಈ ಮೂರನೆಯ ಬಗೆಯ ತಿಳಿವಳಿಕೆಯೇ ಶಿಕ್ಷಕರ ಸ್ವಂತ ವಿದ್ಯೆ ಎಂದು ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ವಾದಿಸಿದರು. ಅಕ್ಕರೆ ಎಷ್ಟೇ ಇರಲಿ, ಈ ತಿಳಿವಳಿಕೆ ತಾನಾಗಿ ಉಕ್ಕಿ ಬರುವುದಿಲ್ಲ. ಹತ್ತು-ಹದಿನೈದು ವರ್ಷ ಪಾಠ ಮಾಡಿ ಕಂಡುಕೊಳ್ಳಬೇಕು, ಇಲ್ಲವೇ ಕಂಡುಕೊಂಡವರ ಪಕ್ಕದಲ್ಲಿ ನಿಂತು ಕಲಿಯಬೇಕು.

ಅವತ್ತಿನ ಪಾಠಕ್ಕೆ ಕಾಲೇಜಿನಿಂದ ಬಂದಿದ್ದ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಇಷ್ಟು: ಧ್ವನಿಯ ಏರಿಳಿತ ಚೆನ್ನಾಗಿದೆ, ಚಾರ್ಟ್ ಆಕರ್ಷಕವಾಗಿದೆ, ಕಪ್ಪುಹಲಗೆಯ ಬಳಕೆ ಸುಧಾರಿಸಬೇಕು. ಕಿಟಕಿ ಪಕ್ಕದ ಹುಡುಗನ 25 ಅವರ ಕಣ್ಣಿಗೂ ಬಿದ್ದಿರಲಿಲ್ಲ. ತಪ್ಪು ಅವರೊಬ್ಬರದೇ ಎನ್ನಲಾರೆ. ಅವರ ಕೈಗೆ ಕೊಟ್ಟ ಹಾಳೆಯಲ್ಲಿ ಆ ಹುಡುಗನಿಗೆ ಕಾಲಮ್ಮೇ ಇರಲಿಲ್ಲ.

ಹಾಳೆ ಹಾಗಿರುವುದಕ್ಕೆ ಒಂದು ಚರಿತ್ರೆ ಇದೆ. 1963ರ ಸುಮಾರಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆಲನ್ ಮತ್ತು ಸಂಗಡಿಗರು ಮೈಕ್ರೋ ಟೀಚಿಂಗ್ ಎಂಬ ವಿಧಾನ ರೂಪಿಸಿದರು. ಬೋಧನೆಯನ್ನು ಬಿಡಿ ಕೌಶಲಗಳಾಗಿ ಒಡೆದು, ಒಂದೊಂದನ್ನೇ ಕೆಲವು ನಿಮಿಷ ಅಭ್ಯಾಸ ಮಾಡಿಸುವುದು ಅದರ ಸಾರ. ಪೀಠಿಕೆ, ಪ್ರಶ್ನೆ ಕೇಳುವುದು, ವಿವರಿಸುವುದು, ಹಲಗೆಯ ಮೇಲೆ ಬರೆಯುವುದು, ಹೀಗೆ. ನಮ್ಮಲ್ಲಿ ಅದಕ್ಕೆ 36 ನಿಮಿಷದ ಒಂದು ಚಕ್ರವೇ ಇದೆ: ಆರು ನಿಮಿಷ ಪಾಠ, ಆರು ನಿಮಿಷ ಹಿಮ್ಮಾಹಿತಿ, ಹನ್ನೆರಡು ನಿಮಿಷ ಮರುಯೋಜನೆ, ಆರು ನಿಮಿಷ ಮರುಪಾಠ, ಮತ್ತೆ ಆರು ನಿಮಿಷ ಹಿಮ್ಮಾಹಿತಿ. ಸಭಾಕಂಪ ಹೋಗಿಸುವುದಕ್ಕೆ ಇದು ಒಳ್ಳೆಯದು, ಅಲ್ಲಗಳೆಯುವುದಿಲ್ಲ. ಆದರೆ ಎದುರಿಗೆ ಕೂತವರು ಯಾರು? ಕ್ಯಾಂಟೀನಿನಲ್ಲಿ ಜೊತೆಗೆ ಪಫ್ ತಿಂದು ಬಂದ ಸಹಪಾಠಿಗಳೇ ಎಂಟನೇ ಕ್ಲಾಸಿನ ಮಕ್ಕಳಂತೆ ನಟಿಸುತ್ತಾರೆ. ‘ಮಕ್ಕಳೇ, ನಿಮ್ಮ ಮನೆಯಲ್ಲಿ ಯಾವ ಯಾವ ಹಣ್ಣು ತರುತ್ತಾರೆ?’ ಎಂದರೆ ಎಲ್ಲರೂ ಕೈ ಎತ್ತುತ್ತಾರೆ, ಎಲ್ಲರಿಗೂ ಸರಿಯುತ್ತರ ಗೊತ್ತು. ಆ ಕೋಣೆಯಲ್ಲಿ ಯಾರೂ 25 ಎಂದು ಬರೆಯುವುದಿಲ್ಲ.

ನಿಜವಾದ ತರಗತಿ ಸಿಗುವುದು ಇಂಟರ್ನ್‌ಶಿಪ್ಪಿನಲ್ಲಿ. 2014ರ ನಿಯಮಾವಳಿ ಮಾಡಿದ ದೊಡ್ಡ ಉಪಕಾರ ಇದೇ ಎಂದು ನನ್ನ ಎಣಿಕೆ. ಮೊದಲ ವರ್ಷ ನಾಲ್ಕು ವಾರ, ಎರಡನೇ ವರ್ಷ ಹದಿನಾರು ವಾರ ಶಾಲೆಯಲ್ಲಿ ಕಳೆಯಬೇಕು ಎಂದಿತು. ಹಳೆಯ ಒಂದು ವರ್ಷದ ಕೋರ್ಸಿನಲ್ಲಿ ನಿಗದಿಯಾದಷ್ಟು ಪಾಠ ಒಪ್ಪಿಸಿ ಕೈ ತೊಳೆದುಕೊಳ್ಳುತ್ತಿದ್ದ ಪದ್ಧತಿಗೆ ಹೋಲಿಸಿದರೆ ಇದು ಬಹಳ ದೊಡ್ಡ ಹೆಜ್ಜೆ. ಆದರೆ ಅದೇ ನಿಯಮಾವಳಿಯ ಸಿಬ್ಬಂದಿ ಪಟ್ಟಿ ನೋಡಿ. ವರ್ಷಕ್ಕೆ ನೂರು ಪ್ರವೇಶವಿರುವ ಕಾಲೇಜಿಗೆ ಪ್ರಾಂಶುಪಾಲರೂ ಸೇರಿ ಹದಿನಾರು ಬೋಧಕರು. ಅವರಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ಭಾಷೆಗಳ ಬೋಧನಾಶಾಸ್ತ್ರಕ್ಕೆ ಎಂಟು ಮಂದಿ. ಎರಡನೇ ವರ್ಷದ ನೂರು ಜನ ಊರಿನ ಹತ್ತಾರು ಶಾಲೆಗಳಲ್ಲಿ ಹಂಚಿಹೋಗಿರುತ್ತಾರೆ. ಕಾಲೇಜಿನಲ್ಲಿ ಮೊದಲ ವರ್ಷದ ನೂರು ಜನ ಪಾಠಕ್ಕೆ ಕಾದಿರುತ್ತಾರೆ. ಒಬ್ಬ ಉಪನ್ಯಾಸಕರಿಗೆ ಹನ್ನೆರಡು-ಹದಿಮೂರು ಜನ ಬೀಳುತ್ತಾರೆ. ಕಾಗದದ ಮೇಲಿರುವ ಎಂಟೂ ಜನ ನಿಜವಾಗಿ ಇದ್ದರೂ ಬಸ್ಸು ಹಿಡಿದು ಹೋಗಿ, ಒಂದು ಪಿರಿಯಡ್ ಪೂರ್ತಿ ಕೂತು, ಆಮೇಲೆ ಅರ್ಧ ಗಂಟೆ ಮಾತಾಡಿ ಬರುವುದು ಎಷ್ಟು ಸಲ ಆದೀತು? ಅಷ್ಟು ಜನ ಇಲ್ಲದ ಕಾಲೇಜುಗಳ ಮಾತು ಬಿಡಿ.

ಆದ್ದರಿಂದ ಆ ವಾರಗಳು ಹೆಚ್ಚಾಗಿ ಹೇಗೆ ಕಳೆಯುತ್ತವೆ ಎಂದು ಬಿ.ಇಡಿ. ಮಾಡಿದ ಯಾರನ್ನಾದರೂ ಕೇಳಿ. ಸರ್ಕಾರಿ ಪ್ರೌಢಶಾಲೆಯ ಮುಖ್ಯ ಶಿಕ್ಷಕರು ತುಂಬು ಮನಸ್ಸಿನಿಂದ ಸ್ವಾಗತಿಸುತ್ತಾರೆ, ಯಾಕೆಂದರೆ ಅಲ್ಲಿ ಗಣಿತಕ್ಕೋ ಇಂಗ್ಲಿಷಿಗೋ ಟೀಚರ್ ಇರುವುದಿಲ್ಲ. ‘ಎಂಟು, ಒಂಬತ್ತು ಪೂರ್ತಿ ನೀವೇ ತಗೊಂಡ್ಬಿಡಿ. ಹತ್ತನೇ ಕ್ಲಾಸು ಮಾತ್ರ ಬೇಡ, ರಿಸಲ್ಟ್ ಪ್ರಶ್ನೆ’ ಎನ್ನುತ್ತಾರೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಭಯ ಎಷ್ಟೆಂದರೆ ಹತ್ತನೇ ತರಗತಿಯ ಬಾಗಿಲು ಪ್ರಶಿಕ್ಷಣಾರ್ಥಿಗೆ ತೆರೆಯುವುದು ಅಪರೂಪ. ಖಾಸಗಿ ಶಾಲೆಗಳಾದರೆ ಪೋಷಕರು ಗಲಾಟೆ ಮಾಡುತ್ತಾರೆಂದು ಗೇಟಿನಲ್ಲೇ ಕೈ ಮುಗಿಯುತ್ತವೆ. ಶಾಲೆಯ ಶಿಕ್ಷಕರಿಗೆ ಇವರು ಬಂದರೆ ಸ್ವಲ್ಪ ಉಸಿರಾಡಲು ಪುರುಸೊತ್ತು: ಬಿಸಿಯೂಟದ ಲೆಕ್ಕ, ಸ್ಯಾಟ್ಸ್ ಪೋರ್ಟಲ್ಲಿಗೆ ಮಕ್ಕಳ ಮಾಹಿತಿ ತುಂಬುವುದು, ಮೀಟಿಂಗು. ಅವರನ್ನು ದೂರುವಂತಿಲ್ಲ. ಪ್ರಶಿಕ್ಷಣಾರ್ಥಿಯ ಪಾಠ ನೋಡಿ ತಿದ್ದುವುದು ಅವರ ಕೆಲಸದ ಪಟ್ಟಿಯಲ್ಲಿಲ್ಲ, ಅದಕ್ಕೆ ಪಿರಿಯಡ್ ಕಡಿಮೆ ಮಾಡಿಲ್ಲ, ಒಂದು ರೂಪಾಯಿ ಕೊಟ್ಟಿಲ್ಲ. ಹುಡುಗ ಹುಡುಗಿಯರು ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ಸೀನಿಯರ್‌ಗಳ ರೆಕಾರ್ಡ್ ನೋಡಿಕೊಂಡು ಪಾಠಯೋಜನೆ ಬರೆಯುತ್ತಾರೆ. ತೊಡಗಿಸಿಕೊಳ್ಳುವುದು, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂಬ ಐದು ಮನೆ. ಕೆಲವೊಮ್ಮೆ ಪಾಠ ಆದ ಮೇಲೆ ಯೋಜನೆ ಬರೆಯುವುದೂ ಉಂಟು.

ಇನ್ನೂ ಒಂದು ತೊಡಕಿದೆ, ಅದನ್ನು ಬಿ.ಇಡಿ. ಮುಟ್ಟುವುದೇ ಇಲ್ಲ. ನಮ್ಮ ಹತ್ತನೇ ತರಗತಿಯ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂದು ಆರು ಭಾಗ. ಬಿ.ಎ.ಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದಿದವರು ಮಾನ್ಸೂನ್ ಮಾರುತವನ್ನೂ ಬ್ಯಾಂಕ್ ಖಾತೆಯನ್ನೂ ಕಲಿಸಬೇಕು. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ (ಸಿಬಿಝೆಡ್) ಓದಿದವರು ಪಿಯುಸಿಯಲ್ಲಿ ಬಿಟ್ಟುಬಂದ ಭೌತಶಾಸ್ತ್ರವನ್ನು ಹಿಡಿದು ಓಮ್‌ನ ನಿಯಮ ಕಲಿಸಬೇಕಾದ ಶಾಲೆಗಳಿವೆ. ಈ ಕಂದಕ ತುಂಬುವ ಜಾಗ ತರಬೇತಿಯೇ ಆಗಬೇಕಿತ್ತು. ಅಲ್ಲಿ ಮನೋವಿಜ್ಞಾನಿಗಳಾದ ಪಿಯಾಜೆ, ವೈಗಾಟ್‌ಸ್ಕಿ, ಬ್ರೂನರ್ ಬರುತ್ತಾರೆ. ಬರಲಿ, ಅವರು ಬೇಕಾದವರೇ. ಆದರೆ ಮಗು ತಾನೇ ಜ್ಞಾನ ಕಟ್ಟಿಕೊಳ್ಳುತ್ತದೆ ಎಂಬ ಸಿದ್ಧಾಂತವನ್ನು ನೋಟ್ಸ್ ಡಿಕ್ಟೇಟ್ ಮಾಡಿ ಬರೆಸಿ, ಹತ್ತು ಅಂಕದ ಪ್ರಶ್ನೆಗೆ ಬಾಯಿಪಾಠ ಮಾಡಿಸುವುದನ್ನು ನೋಡಿದರೆ ವೈಗಾಟ್‌ಸ್ಕಿಯೂ ನಕ್ಕಾನು.

ಇದು ಹೊಸ ರೋಗವೇನೂ ಅಲ್ಲ. ಶಿಕ್ಷಕರ ತರಬೇತಿ ಸಂಸ್ಥೆಗಳು ವಿಶ್ವವಿದ್ಯಾಲಯದಿಂದಲೂ ಶಾಲೆಯಿಂದಲೂ ಒಂದಕ್ಕೊಂದರಿಂದಲೂ ಬೇರ್ಪಟ್ಟು ಒಂಟಿಯಾಗಿವೆ, ಮೊದಲು ಆ ಒಂಟಿತನ ಕಳೆಯಬೇಕು ಎಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. ಅದಕ್ಕೂ ಮೂರು ವರ್ಷ ಮೊದಲು, 1963ರಲ್ಲಿ, ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜು ಶುರುವಾಗಿತ್ತು. ಇವತ್ತಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ (ಆರ್‌ಐಇ) ಅದೇ. ನಾಲ್ಕು ವರ್ಷದ ಸಂಯೋಜಿತ ಪದವಿ ಎಂದು ಈಗ ಹೊಸತೆನ್ನುವಂತೆ ಹೇಳುತ್ತಿರುವುದನ್ನು ಆ ಸಂಸ್ಥೆ ದಶಕಗಳಿಂದ ನಡೆಸಿಕೊಂಡು ಬಂದಿದೆ. ಆದರೆ ಅಲ್ಲಿ ನನಗೆ ಮುಖ್ಯವಾಗಿ ಕಾಣುವುದು ನಾಲ್ಕು ವರ್ಷಕ್ಕಿಂತ ಆವರಣದೊಳಗೇ ಇರುವ ಡೆಮಾನ್‌ಸ್ಟ್ರೇಷನ್ ಶಾಲೆ. ಅಧ್ಯಾಪಕರು, ಪ್ರಶಿಕ್ಷಣಾರ್ಥಿಗಳು, ಶಾಲೆಯ ಮಕ್ಕಳು ಕೂಗಳತೆಯಲ್ಲಿದ್ದಾರೆ. ನಮ್ಮ ರಾಜ್ಯದ ಬಹುಪಾಲು ಬಿ.ಇಡಿ. ಕಾಲೇಜುಗಳಿಗೆ ತಮ್ಮದೆನ್ನುವ ಶಾಲೆ ಇಲ್ಲ. ಆಸ್ಪತ್ರೆಯಿಲ್ಲದ ವೈದ್ಯಕೀಯ ಕಾಲೇಜಿಗೆ ಅನುಮತಿ ಕೊಡುತ್ತೇವೆಯೇ?

ವೈದ್ಯಕೀಯದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಅಲ್ಲಿನ ಪ್ರಾಧ್ಯಾಪಕರು ಬೆಳಿಗ್ಗೆ ಹೊರರೋಗಿಗಳನ್ನು ನೋಡಿ ಮಧ್ಯಾಹ್ನ ಪಾಠ ಮಾಡುತ್ತಾರೆ. ಬಿ.ಇಡಿ. ಉಪನ್ಯಾಸಕರಾಗಲು ಸ್ನಾತಕೋತ್ತರ ಪದವಿ ಮತ್ತು ಎಂ.ಇಡಿ. ಇದ್ದರಾಯಿತು, ಪ್ರೌಢಶಾಲೆಯಲ್ಲಿ ಒಂದು ದಿನವಾದರೂ ಪಾಠ ಮಾಡಿರಬೇಕೆಂಬ ಷರತ್ತಿಲ್ಲ. ಎಂ.ಇಡಿ. ಮುಗಿಸಿದ ಮರುವರ್ಷವೇ ‘ತರಗತಿ ನಿರ್ವಹಣೆ’ ಬೋಧಿಸುವವರು ಇದ್ದಾರೆ. ಬುದ್ಧಿವಂತರೇ ಇರಬಹುದು. ಆದರೆ ಮಧ್ಯಾಹ್ನದ ಊಟ ಮುಗಿಸಿ ಬಂದ ಅರವತ್ತು ಮಕ್ಕಳ ಕೊನೆಯ ಪಿರಿಯಡ್ಡನ್ನು ನಿಭಾಯಿಸದೆ ತರಗತಿ ನಿರ್ವಹಣೆಯ ಬಗ್ಗೆ ಏನು ಹೇಳಲಾದೀತು?

ಇಲ್ಲಿ ನನ್ನ ವಾದಕ್ಕೆ ಬರುವ ಗಟ್ಟಿ ಆಕ್ಷೇಪವೊಂದಿದೆ. ಶಾಲೆಯ ಅನುಭವಿ ಶಿಕ್ಷಕರ ಕೈಗೆ ಕೊಟ್ಟರೆ ಅವರು ಕಲಿಸುವುದೇನು? ಬೆತ್ತ, ಗೈಡು, ಮುಖ್ಯ ಪ್ರಶ್ನೆಗಳ ಪಟ್ಟಿ. ‘ಕಾಲೇಜಿನಲ್ಲಿ ಹೇಳಿಕೊಟ್ಟಿದ್ದೆಲ್ಲ ಇಲ್ಲಿ ನಡೆಯಲ್ಲಮ್ಮ, ಮೊದಲು ಕ್ಲಾಸು ಸೈಲೆಂಟ್ ಮಾಡೋದು ಕಲಿ’ ಎಂಬ ಉಪದೇಶ ಸ್ಟಾಫ್ ರೂಮುಗಳಲ್ಲಿ ಸಿಗುವುದು ನಿಜ. ಶಾಲೆ ಹಳೆಯ ಚಾಳಿಯನ್ನೂ ದಾಟಿಸುತ್ತದೆ. ಈ ಆಕ್ಷೇಪವನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಆದರೆ ಪ್ರತಿ ತಾಲ್ಲೂಕಿನಲ್ಲೂ ಮಕ್ಕಳು ಇಷ್ಟಪಡುವ, ವಿಷಯ ಬಲ್ಲ, ಬೆತ್ತ ಮುಟ್ಟದ ಹತ್ತಿಪ್ಪತ್ತು ಪ್ರೌಢಶಾಲಾ ಶಿಕ್ಷಕರು ಇದ್ದೇ ಇರುತ್ತಾರೆ, ಅವರು ಯಾರೆಂದು ಊರಿಗೇ ಗೊತ್ತಿರುತ್ತದೆ. ಅವರನ್ನು ಆರಿಸಬೇಕು. ಅವರೂ ಕಾಲೇಜಿನ ಉಪನ್ಯಾಸಕರೂ ಒಂದೇ ಪಾಠವನ್ನು ಒಟ್ಟಿಗೆ ಕೂತು ನೋಡಿದರೆ ಶಾಲೆಯ ಚಾಳಿಯನ್ನು ಸಿದ್ಧಾಂತ ಪ್ರಶ್ನಿಸುತ್ತದೆ, ಸಿದ್ಧಾಂತದ ಗಾಳಿಮಾತನ್ನು ಶಾಲೆ ಪ್ರಶ್ನಿಸುತ್ತದೆ. ಈಗ ಇಬ್ಬರೂ ಎದುರುಬದುರಾಗುವುದೇ ಇಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಏನೂ ಆಗುವುದಿಲ್ಲ ಎಂದರೆ, ಬಿ.ಇಡಿ.ಯಿಂದ ಯಾರಿಗೂ ಬೇಕಾಗಿರುವುದು ತರಬೇತಿ ಅಲ್ಲ. ‘ಡಿಗ್ರಿ ಆಯ್ತಲ್ಲ, ಒಂದು ಬಿ.ಇಡಿ. ಮಾಡ್ಕೊಂಡ್ಬಿಡು, ಯಾವತ್ತಿದ್ರೂ ಬರುತ್ತೆ’ ಎಂದು ಮನೆಯವರು ಹೇಳುತ್ತಾರೆ. ಪ್ರಮಾಣಪತ್ರ ಬೇಕಾದವರಿಗೆ ಪ್ರಮಾಣಪತ್ರ ಮಾರುವವರು ಹುಟ್ಟಿಕೊಂಡಿದ್ದಾರೆ. ನಿಯಮದ ಪ್ರಕಾರ ತರಗತಿಗೆ ಶೇಕಡ 80, ಇಂಟರ್ನ್‌ಶಿಪ್ಪಿಗೆ ಶೇಕಡ 90 ಹಾಜರಿ ಕಡ್ಡಾಯ. ಆದರೂ ‘ನಾನ್ ಅಟೆಂಡಿಂಗ್’ ಎಂಬ ಪದ ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಎಲ್ಲರ ಬಾಯಲ್ಲೂ ಇದೆ: ಫೀಸು ಸ್ವಲ್ಪ ಜಾಸ್ತಿ, ಪರೀಕ್ಷೆಗೆ ಬಂದರೆ ಸಾಕು, ರೆಕಾರ್ಡ್ ಬರೆದುಕೊಡುವವರೂ ಸಿಗುತ್ತಾರೆ. ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರ ವರದಿಯಲ್ಲಿ, ಸೇವಾಪೂರ್ವ ತರಬೇತಿ ಸಂಸ್ಥೆಗಳಲ್ಲಿ ಸುಮಾರು ಶೇಕಡ 90ರಷ್ಟು ಸರ್ಕಾರೇತರ ವಲಯದಲ್ಲಿವೆ ಎಂದು ಗುರುತಿಸಿ, ಸರ್ಕಾರ ಹೆಚ್ಚು ಬಂಡವಾಳ ಹಾಕಬೇಕು ಎಂದಿತ್ತು. ಅದೇ ವರದಿಯ ಅವಧಿ ಹೆಚ್ಚಿಸುವ ಸಲಹೆ ಬೇಗ ಜಾರಿಗೆ ಬಂತು, ಬಂಡವಾಳದ ಸಲಹೆ ಕಪಾಟಿನಲ್ಲಿ ಉಳಿಯಿತು. ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಅವಧಿ ಹೆಚ್ಚಿಸಿದರೆ ಖರ್ಚು ವಿದ್ಯಾರ್ಥಿಯದು.

ನೇಮಕಾತಿಯೂ ಇದಕ್ಕೆ ಒತ್ತಾಸೆಯಾಗಿದೆ. 2022ರಲ್ಲಿ ಕರ್ನಾಟಕ ಸರ್ಕಾರ ಆರರಿಂದ ಎಂಟನೇ ತರಗತಿಗೆ 15,000 ಪದವೀಧರ ಶಿಕ್ಷಕರ ಹುದ್ದೆಗೆ ಅರ್ಜಿ ಕರೆದಾಗ ಲೆಕ್ಕಕ್ಕೆ ಬಂದದ್ದು ಲಿಖಿತ ಪರೀಕ್ಷೆ, ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ), ಪದವಿ, ಬಿ.ಇಡಿ. ಅಂಕಗಳು. ಪಾಠ ಮಾಡಿ ತೋರಿಸು ಎನ್ನುವ ಹಂತವೇ ಇರಲಿಲ್ಲ. ಈಜುವುದನ್ನು ಪರೀಕ್ಷಿಸದೆ ನೀರಿನ ಬಗ್ಗೆ ಪ್ರಬಂಧ ಬರೆಸಿದ ಹಾಗೆ. ನ್ಯಾಯಾಲಯಗಳೂ ಅರ್ಹತೆಯ ಕಾಗದದ ಸುತ್ತಲೇ ತಿರುಗಬೇಕಾಗಿದೆ. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್, ಒಂದರಿಂದ ಐದನೇ ತರಗತಿಗೆ ಬಿ.ಇಡಿ. ಅರ್ಹತೆಯಲ್ಲ ಎಂದಿತು. ಸಣ್ಣ ಮಕ್ಕಳಿಗೆ ಕಲಿಸುವುದೇ ಬೇರೆ ವಿದ್ಯೆ ಎಂಬ ಆ ತೀರ್ಪಿನ ತಿರುಳು ಸರಿಯಾದದ್ದೇ. 2025ರ ಸೆಪ್ಟೆಂಬರ್ 1ರಂದು, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಹಾಲಿ ಶಿಕ್ಷಕರೂ ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು ಎಂದಿತು. ಇಪ್ಪತ್ತು ವರ್ಷ ಪಾಠ ಮಾಡಿದವರು ಹೇಗೆ ಪಾಠ ಮಾಡುತ್ತಾರೆಂದು ತಿಳಿಯಲು ಅವರ ತರಗತಿಗೆ ಹೋಗಿ ನೋಡುವ ದಾರಿ ನಮಗೆ ಹೊಳೆಯುವುದೇ ಇಲ್ಲ, ಇನ್ನೊಂದು ಒಎಂಆರ್ ಹಾಳೆ ಹೊಳೆಯುತ್ತದೆ.

ಹಾಗಾದರೆ ಒಂದು ವರ್ಷದ ಬಿ.ಇಡಿ. ಬರುವುದು ಬೇಡವೇ? ಬರಲಿ ಎಂದೇ ನನಗನ್ನಿಸುತ್ತದೆ. ಎಂ.ಎ. ಮುಗಿಸಿದ ಮಗಳನ್ನು ಇನ್ನೆರಡು ವರ್ಷ ಓದಿಸುವುದೆಂದರೆ ಹಳ್ಳಿಯ ಮನೆಯೊಂದಕ್ಕೆ ಬರೀ ಫೀಸಿನ ಪ್ರಶ್ನೆಯಲ್ಲ. ಹಾಸ್ಟೆಲ್, ಬಸ್ಸು, ಮದುವೆಯ ಮಾತು, ತಮ್ಮನ ಓದು ಎಲ್ಲವೂ ಅದರೊಳಗಿದೆ. ಈ ವೃತ್ತಿಗೆ ಬರುತ್ತಿರುವವರಲ್ಲಿ ಇಂಥ ಹೆಣ್ಣುಮಕ್ಕಳು ಬಹಳ. ಅವರ ಒಂದು ವರ್ಷ ಉಳಿಸುವುದು ಸಣ್ಣ ವಿಷಯವಲ್ಲ. ನನ್ನ ಅಳುಕು ಕತ್ತರಿ ಎಲ್ಲಿ ಬೀಳುತ್ತದೆ ಎಂಬುದರ ಬಗ್ಗೆ. ಸಿದ್ಧಾಂತದ ಪತ್ರಿಕೆ ಕಡಿಮೆ ಮಾಡುವುದೆಂದರೆ ಒಬ್ಬ ಉಪನ್ಯಾಸಕರ ಹುದ್ದೆ ಅಲುಗುತ್ತದೆ, ಅವರು ಪ್ರತಿಭಟಿಸುತ್ತಾರೆ. ಶಾಲೆಯ ವಾರಗಳನ್ನು ಕತ್ತರಿಸಿದರೆ ಪ್ರತಿಭಟಿಸುವವರು ಯಾರೂ ಇಲ್ಲ. ಹಾಗಾಗಿ ಕೋರ್ಸು ಎಷ್ಟಕ್ಕಾದರೂ ಇಳಿಯಲಿ, ಆ ಹದಿನಾರು ವಾರಕ್ಕೆ ಕೈ ಹಾಕಬಾರದು ಎಂಬ ಒಂದೇ ಷರತ್ತನ್ನು ನಾನು ಇಡುತ್ತೇನೆ.

ಉಳಿದದ್ದು ಹಣದ ಮಾತು. ಪ್ರಶಿಕ್ಷಣಾರ್ಥಿಯನ್ನು ವಹಿಸಿಕೊಳ್ಳುವ ಶಾಲಾ ಶಿಕ್ಷಕರಿಗೆ ವಾರಕ್ಕೆ ಐದಾರು ಪಿರಿಯಡ್ ಬಿಡುವು, ಒಂದಿಷ್ಟು ಭತ್ಯೆ, ಆಂತರಿಕ ಅಂಕದಲ್ಲಿ ಕಾಲೇಜಿನಷ್ಟೇ ಪಾಲು. ಬಿ.ಇಡಿ. ಉಪನ್ಯಾಸಕರಿಗೆ ವಾರಕ್ಕೆ ಕನಿಷ್ಠ ಎರಡು ಪಿರಿಯಡ್ ಹತ್ತಿರದ ಪ್ರೌಢಶಾಲೆಯಲ್ಲಿ ಪಾಠ, ಅದನ್ನು ಪ್ರಶಿಕ್ಷಣಾರ್ಥಿಗಳು ಹಿಂದೆ ಕೂತು ನೋಡಲಿ, ಟೀಕಿಸಲಿ. ಇದಕ್ಕೆ ಹೊಸ ನೀತಿ ಬೇಕಿಲ್ಲ, ಇಲಾಖೆಯ ಒಂದು ಸುತ್ತೋಲೆ ಮತ್ತು ಬಜೆಟ್ಟಿನಲ್ಲಿ ಒಂದು ಸಾಲು ಸಾಕು. ಎಲ್ಲಿಂದ ತರುವುದು ಎನ್ನುವವರಿಗೆ ಒಂದು ವಿಷಯ ನೆನಪಿಸಬೇಕು. ಬಿ.ಇಡಿ. ಮುಗಿಸಿದ ಮೇಲೆ ಇವರಲ್ಲಿ ಬಹಳ ಜನ ಮೊದಲು ಸೇರುವುದು ಸರ್ಕಾರಿ ಶಾಲೆಗೇ, ಅತಿಥಿ ಶಿಕ್ಷಕರಾಗಿ. ತಿಂಗಳಿಗೆ ಹತ್ತು-ಹನ್ನೆರಡು ಸಾವಿರದ ಆಸುಪಾಸು ಗೌರವಧನ, ಅದೂ ಶಾಲೆ ನಡೆಯುವ ತಿಂಗಳಿಗಷ್ಟೇ. ಆ ಮೊದಲ ವರ್ಷ ಅವರ ತರಗತಿಗೆ ಒಬ್ಬರೂ ಹೋಗಿ ನೋಡುವುದಿಲ್ಲ. ಸಿಲಬಸ್ ಮುಗಿಯಿತೇ ಎಂದು ಮಾತ್ರ ಕೇಳುತ್ತಾರೆ. ಅವರನ್ನೂ ಅದೇ ಅನುಭವಿ ಶಿಕ್ಷಕರ ಕೈಕೆಳಗೆ ತಂದರೆ, ಸರ್ಕಾರ ಈಗಾಗಲೇ ಕೊಡುತ್ತಿರುವ ಗೌರವಧನದಲ್ಲೇ ತರಬೇತಿಗೆ ಇನ್ನೊಂದು ವರ್ಷ ಸೇರಿದಂತಾಗುತ್ತದೆ, ಈ ಸಲ ವಿದ್ಯಾರ್ಥಿಯ ಕಿಸೆಗೆ ಕೈ ಹಾಕದೆ.